ದೋಣಿಗೂ ಒಂದು ಸೇವಾ ಪುಸ್ತಕವಿರಲಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ವಾಹನಗಳ ನೋಂದಣಿಯನ್ನು 15 ವರ್ಷಕ್ಕೆ ಕೊನೆಗೊಳಿಸುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೊಗೆ ಉಗುಳುವ ವಾಹನಗಳ ಮಟ್ಟಿಗೆ ಅದು ಸರಿಯಾದ ಕ್ರಮವೇ. ಆದರೆ ಜೀವರಕ್ಷಣೆಯ ಸಾಧನಗಳ ವಿಷಯದಲ್ಲಿ ವಯಸ್ಸಿಗಿಂತ ಆರೈಕೆಯ ದಾಖಲೆಗೆ ಹೆಚ್ಚಿನ ಬೆಲೆ ಸಿಗಬೇಕು. ಇದಕ್ಕೆ ಅಮೆರಿಕದ ಬಫಲೋ ನಗರದ ಅಗ್ನಿಶಾಮಕ ದೋಣಿ ‘ಎಡ್ವರ್ಡ್ ಎಂ. ಕಾಟರ್’ ಒಳ್ಳೆಯ ನಿದರ್ಶನ.

2020ರ ಜನಗಣತಿಯಂತೆ ಬಫಲೋದ ಜನಸಂಖ್ಯೆ ಸುಮಾರು 2.78 ಲಕ್ಷ. ಈರಿ ಸರೋವರದ ದಡದ ಈ ಊರಿಗೆ ಹಡಗುಗಳಲ್ಲಿ ಬರುತ್ತಿದ್ದ ಗೋಧಿಯನ್ನು ನದಿಯ ಅಂಚಿನಲ್ಲೇ ನಿಂತ ಬೃಹತ್ ಉಗ್ರಾಣಗಳಲ್ಲಿ ತುಂಬಿಡಲಾಗುತ್ತಿತ್ತು. ಧಾನ್ಯದ ಧೂಳು ಬೇಗ ಹೊತ್ತಿಕೊಳ್ಳುವಂಥದ್ದು. ರಸ್ತೆಯ ಮೇಲಿನ ಅಗ್ನಿಶಾಮಕ ವಾಹನಗಳಿಗೆ ಉಗ್ರಾಣಗಳ ನೀರಿನ ಕಡೆಯ ಗೋಡೆ ಎಟುಕುತ್ತಿರಲಿಲ್ಲ. ಅದಕ್ಕಾಗಿ 1900ರಲ್ಲಿ 118 ಅಡಿ ಉದ್ದದ ಈ ದೋಣಿಯನ್ನು ಕಟ್ಟಿಸಿದರು. ಆಗ ಅದರ ಹೆಸರು ‘ವಿಲಿಯಂ ಎಸ್. ಗ್ರಾಟನ್’.

1928ರ ಜುಲೈನಲ್ಲಿ ತೈಲದ ನಾವೆಯೊಂದರ ಬೆಂಕಿ ಆರಿಸಲು ಹೋದ ದೋಣಿಗೇ ಬೆಂಕಿ ತಗುಲಿತು. ಸಿಬ್ಬಂದಿ ನೀರಿಗೆ ಹಾರಬೇಕಾಯಿತು, ಎಂಜಿನಿಯರ್ ಪ್ರಾಣ ತೆತ್ತರು. ಸುಟ್ಟು ಕರಕಲಾದ ಆ ಒಡಲನ್ನು ಮಾರಿ ಕೈತೊಳೆದುಕೊಳ್ಳದೆ ನಗರವು ಅದನ್ನು ಮತ್ತೆ ಕಟ್ಟಿಸಿ 1930ರಲ್ಲಿ ಸೇವೆಗೆ ತಂದಿತು. 1953ರಲ್ಲಿ ಉಗಿಯಂತ್ರ ತೆಗೆದು ಡೀಸೆಲ್ ಎಂಜಿನ್ ಕೂರಿಸಲಾಯಿತು. ಮರುವರ್ಷ ಅದಕ್ಕೆ ಅಗ್ನಿಶಾಮಕ ನೌಕರರ ಸಂಘದ ನಾಯಕ ಎಡ್ವರ್ಡ್ ಎಂ. ಕಾಟರ್ ಅವರ ಹೆಸರನ್ನಿಟ್ಟರು. ನಿಮಿಷಕ್ಕೆ 15,000 ಗ್ಯಾಲನ್, ಅಂದರೆ ಸುಮಾರು 57,000 ಲೀಟರ್ ನೀರು ಚಿಮ್ಮಿಸಬಲ್ಲ ಈ ದೋಣಿ 1960ರಲ್ಲಿ ಸರೋವರ ದಾಟಿ, ಕೆನಡಾದ ಪೋರ್ಟ್ ಕೋಲ್ಬೋರ್ನ್‌ನಲ್ಲಿ ಹೊತ್ತಿದ್ದ ಧಾನ್ಯದ ಉಗ್ರಾಣಕ್ಕೂ ನೀರು ಹಾಯಿಸಿತು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅದರ ಚಳಿಗಾಲದ ದುಡಿಮೆ. ಹೆಪ್ಪುಗಟ್ಟಿದ ಮಂಜುಗಡ್ಡೆ ಬಫಲೋ ನದಿಗೆ ಅಡ್ಡಲಾಗಿ ನಿಂತು ದಡದ ಬಡಾವಣೆಗಳಿಗೆ ನೀರು ನುಗ್ಗದಂತೆ ಈ ದೋಣಿಯೇ ಅದನ್ನು ಒಡೆಯುತ್ತದೆ. ಬೆಂಕಿಯಿಲ್ಲದ ತಿಂಗಳುಗಳಲ್ಲೂ ಎಂಜಿನ್ ಓಡುತ್ತಿರುತ್ತದೆ, ಸಿಬ್ಬಂದಿಯ ಕೈ ಪಳಗಿರುತ್ತದೆ. ಶತಮಾನ ದಾಟಿಯೂ ಅದು ಕೆಲಸಕ್ಕೆ ಬಂದದ್ದರ ಹಿಂದೆ ಈ ನಿರಂತರ ಬಳಕೆಯ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಉಕ್ಕಿನ ದೋಣಿಯನ್ನೂ ನಮ್ಮ ಪ್ರವಾಹ ರಕ್ಷಣೆಯ ರಬ್ಬರ್ ದೋಣಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ರಬ್ಬರಿಗೆ ಅದರದೇ ಆಯುಷ್ಯವಿದೆ. ಆದರೆ ಅವುಗಳಿಗೆ ಜೋಡಿಸುವ ಮೋಟರಿನ ಆಯುಷ್ಯ ಬಹುಮಟ್ಟಿಗೆ ಆರೈಕೆಯ ಮೇಲೆ ನಿಂತಿದೆ. ಮಳೆಗಾಲ ಮುಗಿದ ಮೇಲೆ ಕಾರ್ಬುರೇಟರಿನಲ್ಲೇ ಉಳಿದ ಪೆಟ್ರೋಲ್ ತಿಂಗಳುಗಟ್ಟಲೆ ಕುಳಿತು ಅಂಟಾಗುತ್ತದೆ. ಪ್ರವಾಹದ ರಾಡಿನೀರು ಹೊಕ್ಕ ನಾಳಗಳನ್ನು, ಅಂದರೆ ಮೋಟರನ್ನು ತಂಪಾಗಿಡುವ ನೀರು ಹರಿಯುವ ಕೊಳವೆಗಳನ್ನು, ತಿಳಿನೀರಿನಿಂದ ತೊಳೆಯದಿದ್ದರೆ ಒಳಗೆ ಹೂಳು ಗಟ್ಟಿಯಾಗುತ್ತದೆ. ಅಂಥ ಮೋಟರು, ಮುಂದಿನ ಆಗಸ್ಟಿನಲ್ಲಿ ಮನೆಯ ಮಾಳಿಗೆಯ ಮೇಲೆ ಜನ ಕಾಯುತ್ತಿರುವಾಗ, ಎಷ್ಟು ಸಲ ಹಗ್ಗ ಎಳೆದರೂ ಚಾಲೂ ಆಗದು.

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿದಾಗ ದೋಣಿಗಳ ಬೆಲೆಯೇನೆಂದು ಈ ಭಾಗದ ಜನರೆಲ್ಲ ಕಂಡಿದ್ದಾರೆ. ಆದ್ದರಿಂದ ನದಿತೀರದ ಅಗ್ನಿಶಾಮಕ ಠಾಣೆಗಳ ಪ್ರತಿಯೊಂದು ದೋಣಿಗೂ ಪ್ರತ್ಯೇಕ ಸೇವಾ ಪುಸ್ತಕವಿರಬೇಕು. ಖರೀದಿಯ ವರ್ಷ, ಮೋಟರು ಓಡಿದ ಗಂಟೆಗಳು, ಹಾಕಿದ ತೇಪೆ, ಯಾವ ಊರಿಗೆ ಹೋಗಿ ಎಷ್ಟು ಜನರನ್ನು ಕರೆತಂದಿತೆಂಬ ವಿವರ ಅದರಲ್ಲಿ ದಾಖಲಾಗಲಿ. ಠಾಣಾಧಿಕಾರಿ ವರ್ಗವಾದಾಗ ಬಂದವರು ಆ ಪುಸ್ತಕಕ್ಕೆ ಸಹಿ ಹಾಕಿಯೇ ಅಧಿಕಾರ ವಹಿಸಿಕೊಳ್ಳಲಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ದೋಣಿಯನ್ನು ಹತ್ತಿರದ ಕೆರೆಗೋ ಬ್ಯಾರೇಜಿಗೋ ಇಳಿಸಿ ಓಡಿಸುವಂತೆ, ಮೇ ತಿಂಗಳು ಮುಗಿಯುವುದರೊಳಗೆ ಅವುಗಳ ಸ್ಥಿತಿಗತಿಯನ್ನು ತಾಲ್ಲೂಕುವಾರು ಪ್ರಕಟಿಸುವಂತೆ ಸಂಬಂಧಪಟ್ಟವರು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ,
ಜಮಖಂಡಿ