ಮೊದಲ ರಾತ್ರಿ ಗಟ್ಟಿ ಮಾಡಿಕೋ

ಪುಟ್ಟಿ,

ಜಪಾನ್ ಪ್ರವಾಸಕ್ಕೆ ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ಟೋಕಿಯೋದಲ್ಲಿ ಹದಿನಾಲ್ಕು ಜಾಗ, ಕ್ಯೋಟೋದಲ್ಲಿ ಹನ್ನೊಂದು. ಇಳಿದ ರಾತ್ರಿ ಏನು ಮಾಡುತ್ತೀ ಅನ್ನುವುದು ಮಾತ್ರ ಎಲ್ಲೂ ಇಲ್ಲ. ನನಗೆ ಬೇಕಾಗಿದ್ದು ಅದೊಂದೇ. ಮಿಕ್ಕಿದ್ದು ಹೇಗೋ ಆಗುತ್ತದೆ.

ನಾನು ಮೊದಲ ಸಲ ಸಿಂಗಪುರಕ್ಕೆ ಹೋದ ಕತೆ ನಿನಗೆ ಅರ್ಧ ಮಾತ್ರ ಗೊತ್ತು. ಸಿಂಹದ ಪ್ರತಿಮೆ ಮುಂದೆ ಹಲ್ಲು ಬಿಟ್ಟು ನಿಂತ ಫೋಟೋ ನೋಡಿದ್ದೀಯ. ಅದರ ಹಿಂದಿನ ರಾತ್ರಿ ಹೋಟೆಲ್ ಕೌಂಟರಿನಲ್ಲಿ ನನ್ನ ಕಾರ್ಡ್ ಮೂರು ಸಲ ಉಜ್ಜಿದರೂ ದುಡ್ಡು ಹೋಗಲಿಲ್ಲ. ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆಯನ್ನು ನಾವಾಗಿ ಆನ್ ಮಾಡಬೇಕಂತೆ, ನನಗೆ ಗೊತ್ತಿರಲಿಲ್ಲ. ಆ್ಯಪ್ ತೆರೆದರೆ ಓಟಿಪಿ ಕೇಳಿತು. ಓಟಿಪಿ ಬರಲು ಸಿಮ್‌ಗೆ ಜೀವ ಇರಬೇಕಲ್ಲ, ರೋಮಿಂಗೇ ಹಾಕಿಸಿರಲಿಲ್ಲ. ಕೊನೆಗೆ ಜೊತೆಗೆ ಬಂದಿದ್ದ ಆಫೀಸಿನವರು ದುಡ್ಡು ಕಟ್ಟಿದರು. ನೀನು ಹೋಗುತ್ತಿರುವುದು ಒಬ್ಬಳೇ.

ಹಾಗಾಗಿ ಈ ವಾರವೇ ಎರಡು ಕಾರ್ಡಿನಲ್ಲೂ ಆನ್ ಮಾಡಿಬಿಡು. ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡ. ಇಂಟರ್‌ನೆಟ್‌ಗೆ ಇ-ಸಿಮ್ ತೆಗೆದುಕೋ, ಆದರೆ ನಮ್ಮ ನಂಬರಿಗೂ ರೋಮಿಂಗ್ ಇರಲಿ. ಒಂದಿಪ್ಪತ್ತು ಸಾವಿರ ಯೆನ್ ಕೈಯಲ್ಲಿರಲಿ. ಆಮೇಲೆ ಬೇಕಾದರೆ ಅಲ್ಲಿನ ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳು ಹೊರಗಿನ ಕಾರ್ಡ್ ತೆಗೆದುಕೊಳ್ಳುತ್ತವೆ.

ನರೀತಾ ವಿಮಾನ ನಿಲ್ದಾಣ ಟೋಕಿಯೋದಿಂದ ಸುಮಾರು 60 ಕಿಲೋಮೀಟರ್. ನಮ್ಮ ಏರ್‌ಪೋರ್ಟಿನಿಂದ ಮೆಜೆಸ್ಟಿಕ್‌ಗೆ ಹೋಗುವುದರ ಹತ್ತಿರ ಹತ್ತಿರ ಎರಡು ಪಟ್ಟು. ಸ್ಕೈಲೈನರ್ ರೈಲು ಟೋಕಿಯೋದ ನಿಪ್ಪೋರಿ ಸ್ಟೇಷನ್‌ಗೆ ನಲವತ್ತು ನಿಮಿಷದಲ್ಲಿ ಮುಟ್ಟಿಸುತ್ತದೆ. ಆದರೆ ಟೋಕಿಯೋದಲ್ಲಿ ಮಧ್ಯರಾತ್ರಿ ಹೊತ್ತಿಗೆ ರೈಲುಗಳೆಲ್ಲ ನಿಂತುಬಿಡುತ್ತವೆ. ಆಮೇಲೆ ಟ್ಯಾಕ್ಸಿಯೇ ಗತಿ. ಅದರ ಬಾಡಿಗೆಯಲ್ಲಿ ಇಲ್ಲಿ ಒಂದು ತಿಂಗಳ ರೇಷನ್ ಬರುತ್ತದೆ. ವಿಸಿಟ್ ಜಪಾನ್ ವೆಬ್ ಅನ್ನುವ ಅಲ್ಲಿನ ಸರ್ಕಾರಿ ವೆಬ್‌ಸೈಟಿನಲ್ಲಿ ವಿವರ ಮೊದಲೇ ತುಂಬಿಟ್ಟರೆ ಕ್ಯೂನಲ್ಲಿ ನಿಂತು ಪೆನ್ನು ಹುಡುಕುವುದು ತಪ್ಪುತ್ತದೆ. ಹೋಟೆಲ್ ವಿಳಾಸವನ್ನು ಜಪಾನಿ ಲಿಪಿಯಲ್ಲೇ ಪ್ರಿಂಟ್ ಹಾಕಿಸಿಕೋ. ಫೋನ್ ಚಾರ್ಜ್ ಮುಗಿದರೂ ಕಾಗದ ಇರುತ್ತದೆ, ಅಲ್ವಾ?

ಒಂದು ಸಲ ದುಡ್ಡು ಕಟ್ಟಿ ದೇಶವೆಲ್ಲ ರೈಲಿನಲ್ಲಿ ಓಡಾಡುವ ಏಳು ದಿನದ ರೈಲ್ ಪಾಸ್ ಬೇಡ. 2023ರ ಅಕ್ಟೋಬರ್‌ನಲ್ಲಿ ಅದು 29,650ರಿಂದ ಒಂದೇ ಏಟಿಗೆ 50,000 ಯೆನ್ ಆಯಿತು. ಕ್ಯೋಟೋಗೆ ಬುಲೆಟ್ ರೈಲಿನಲ್ಲಿ ಹೋಗಿಬರಲು 28,000 ಚಿಲ್ಲರೆ ಸಾಕು. ಯಾರೋ ಹೇಳಿದರು ಅಂತ ಸುಮ್ನೆ ಕೊಳ್ಳಬೇಡ.

ಇನ್ನು ಊಟ. ನಿನಗೆ ಜಾಸ್ತಿ ಕಷ್ಟ ಆಗುವುದು ಇಲ್ಲೇ. ತರಕಾರಿ ಸೂಪು, ನೂಡಲ್ಸು ಅಂತ ತಂದಿಡುತ್ತಾರೆ, ಅದರ ತಿಳಿಯಲ್ಲೇ ಮೀನಿರುತ್ತದೆ. ಅದಕ್ಕೆ ದಾಶಿ ಅನ್ನುತ್ತಾರೆ. ಅವರ ಅಡುಗೆಗೆ ಅದು ನಮ್ಮ ಒಗ್ಗರಣೆ ಇದ್ದಹಾಗೆ. "ಮಾಂಸ ಬೇಡ" ಅಂದರೆ ಸಾಲದು, ದಾಶಿಯೂ ಬೇಡ ಅಂತ ಜಪಾನಿಯಲ್ಲಿ ಬರೆದ ಚೀಟಿ ಜೊತೆಗಿರಲಿ. ಬೌದ್ಧ ದೇವಾಲಯಗಳ ಶೋಜಿನ್ ರ್ಯೋರಿ ಅನ್ನುವ ಊಟ ಸಿಕ್ಕರೆ ಬಿಡಬೇಡ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿನ್ನ ಅಜ್ಜಿಯನ್ನೂ ಧೈರ್ಯವಾಗಿ ಕೂರಿಸಬಹುದು.

ಅಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಜೊತೆಗೆ ಕೊಬ್ಬರಿ ಗಿಟುಕು ಬೇರೆ ಕಟ್ಟಿದ್ದಳು, ನಾನೇ ತೆಗೆದೆ. ಎಣ್ಣೆಯಂಶ ಜಾಸ್ತಿ, ಬೆಂಕಿ ಹತ್ತುವ ಭಯ ಅಂತ ಲಗೇಜಿನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವು, ಹಣ್ಣುಗಳೂ ಬೇಡ, ಅಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ನೆಗಡಿ ಮಾತ್ರೆಯ ಹಾಳೆ ಓದು: ಸೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಜಾಸ್ತಿ ಇದ್ದರೆ ಆ ದೇಶದೊಳಗೆ ಒಯ್ಯುವಂತಿಲ್ಲ. ನಮ್ಮ ಕೆಟಲ್ಲೂ ಇಲ್ಲೇ ಇರಲಿ, ಅವರ ಕರೆಂಟು 100 ವೋಲ್ಟ್, ನೀರು ಕಾಯುವ ಹೊತ್ತಿಗೆ ನಿನ್ನ ರಜೆ ಮುಗಿದಿರುತ್ತದೆ.

ಪಾಸ್‌ಪೋರ್ಟ್ ಮಾತ್ರ ರೂಮಿನಲ್ಲಿಟ್ಟು ಓಡಾಡಬೇಡ. ಪ್ರವಾಸಿಗಳು ಅದನ್ನು ಮೈಮೇಲೆ ಇಟ್ಟುಕೊಂಡಿರಲೇಬೇಕು ಅನ್ನುವುದು ಅಲ್ಲಿನ ಕಾನೂನು. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119.

ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ನೀನು ರಾತ್ರಿ ಹನ್ನೊಂದಕ್ಕೆ ರೂಮು ಸೇರಿದರೂ ನಮಗಿನ್ನೂ ಏಳೂವರೆ. "ಮಲಗಿರುತ್ತೀರಿ ಅಂದುಕೊಂಡೆ" ಅನ್ನುವ ನೆಪ ನಡೆಯುವುದಿಲ್ಲ. ಫೋನ್ ಮಾಡು.

ನಿನ್ನ
ಅಪ್ಪ