ಆ ಎರಡು ವರ್ಷ ಯಾವತ್ತಿನಿಂದ, ಸಚಿವರೇ?

ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ನಮಸ್ಕಾರಗಳು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಸೆಕ್ಷನ್ ತಮಗೆ ಗೊತ್ತೇ ಇದೆ. ವ್ಯಾಜ್ಯ ಕಾರಣ, ಅಂದರೆ ದೂರಿಗೆ ಕಾರಣವಾದ ಸಂಗತಿ, ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಾರಣ ಹೊಟ್ಟೆಯೊಳಗೇ ಅಡಗಿದ್ದರೆ ಅದು ಹುಟ್ಟಿದ್ದು ಯಾವತ್ತು ಎಂದು ಮಾತ್ರ ಬರೆದಿಲ್ಲ.

ಗರ್ಭಕೋಶ ತೆಗೆಸಿದ ಮೇಲೆ ನನ್ನ ತಾಯಿಯ ಹೊಟ್ಟೆನೋವು ಹೋಗಲೇ ಇಲ್ಲ. ಆಪರೇಷನ್ ಮಾಡಿದ ಡಾಕ್ಟರ ಬಳಿಗೇ ಮತ್ತೆ ಮತ್ತೆ ಕರೆದೊಯ್ದೆ. ಮೊದಲು ಗ್ಯಾಸ್ ಅಂದರು, ಆಮೇಲೆ ವಯಸ್ಸು ಅಂದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ತಾಯಿಗೆ ನೋವಿಲ್ಲ, ಎಲ್ಲಾ ಮನಸ್ಸಿಂದು" ಅಂದರು. ಅಮ್ಮ ನಿದ್ದೆ ಮಾತ್ರೆ ನುಂಗಿದರು. ನಾವೂ ಮನೆಯಲ್ಲಿ ಅವರನ್ನೇ ಗದರಿದೆವು. ವರ್ಷಗಳಾದ ಮೇಲೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದರೆ, ಆಪರೇಷನ್‌ನಲ್ಲಿ ರಕ್ತ ಒರೆಸುವ ಬಟ್ಟೆ ಕೀವುಗಟ್ಟಿ ಕರುಳಿಗೆ ಅಂಟಿಕೊಂಡಿತ್ತು.

ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆವು. ಎದುರಿನ ವಕೀಲರು ಎದ್ದು, "ಅಷ್ಟೊಂದು ನೋವಿದ್ದರೆ ಆಗಲೇ ಗೊತ್ತಾಗಬೇಕಿತ್ತು, ಅವಧಿ ಮೀರಿದೆ" ಅಂದರು. ನೋಡಿ ಸ್ವಾಮಿ, ಡಾಕ್ಟರ ಮುಂದೆ ಸುಳ್ಳಾಗಿದ್ದ ನೋವು ಆಯೋಗದ ಮುಂದೆ ನಿಜವಾಯಿತು, ಅದೂ ನಮ್ಮ ವಿರುದ್ಧ! ದೂರು ವಜಾ.

ಹಳೆಯ ಕೇಸ್ ಶೀಟ್ ಕೇಳಿದ್ದಕ್ಕೆ ಆಸ್ಪತ್ರೆಯವರು ಮೂರು ವರ್ಷ ದಾಟಿದೆ, ಇಟ್ಟಿಲ್ಲ ಅಂದರು. ವೈದ್ಯಕೀಯ ಪರಿಷತ್ತಿನ 2002ರ ನಿಯಮ ಕೇಳುವುದೂ ಮೂರೇ ವರ್ಷ. ಅವರದು ಕಾನೂನುಬದ್ಧ ನಡವಳಿಕೆ, ತಪ್ಪೆಲ್ಲ ಅಮ್ಮನ ಹೊಟ್ಟೆಯದು.

ತಪ್ಪು ತಿಳಿದ ದಿನದಿಂದ ಎರಡು ವರ್ಷ ಎಣಿಸಿ. ನಾವು ಕೇಳುವುದು ಇಷ್ಟೇ.

ಸಕಾರಣವಿದ್ದರೆ ವಿಳಂಬ ಮನ್ನಿಸಬಹುದಲ್ಲ ಎನ್ನುತ್ತೀರಿ. ಅದು ಆಯೋಗದ ಮರ್ಜಿ, ನಮ್ಮ ಹಕ್ಕಲ್ಲ. 1993ರ ಆಪರೇಷನ್‌ನಲ್ಲಿ ಒಳಗುಳಿದ ಬಟ್ಟೆ 2002ರಲ್ಲಿ ಸಿಕ್ಕ ಪ್ರಕರಣದಲ್ಲೂ ದೂರು ತಡವಾಯಿತೆಂದೇ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ವರ್ಷ ನೋವಿದ್ದೂ ಆ ಸರ್ಜನ್ನರನ್ನು ಮತ್ತೆ ಕಾಣಲಿಲ್ಲ ಎಂಬುದು ಅಲ್ಲಿಯ ಕಾರಣ. ನಾವು ಕಂಡಿದ್ದೆವಲ್ಲ? ಆದರೂ ಸೋತೆವು.

ಅದೇ ಕಾಯ್ದೆ ದೂರನ್ನು ಸಾಧ್ಯವಾದಷ್ಟೂ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಿ ಎನ್ನುತ್ತದೆ. ಆ ಗಡುವು ಮೀರಿದ್ದಕ್ಕೆ ಯಾರ ದೂರೂ ವಜಾ ಆಗುವುದಿಲ್ಲ, ಯಾರ ಸಂಬಳವೂ ನಿಲ್ಲುವುದಿಲ್ಲ. ಗಡುವಿನ ಬಿಸಿ ರೋಗಿಗೆ ಮಾತ್ರ.

ಆದ್ದರಿಂದ ಮತ್ತೊಮ್ಮೆ: ತಪ್ಪು ತಿಳಿದ ದಿನದಿಂದ ಎಣಿಸಿ, ಅದನ್ನು 69ನೇ ಸೆಕ್ಷನ್‌ನಲ್ಲೇ ಬರೆಯಿರಿ. ಯಾವ ಅಧಿವೇಶನದಲ್ಲಿ ತಿದ್ದುಪಡಿ ತರುತ್ತೀರಿ ಎಂದು ತಿಳಿಸಿ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಮಾತ್ರ ಬೇಡ, ಅದಕ್ಕೆ ಯಾವ ಕಾಲಮಿತಿಯೂ ಇಲ್ಲ.

ಇಂತಿ,
ದೂರು ವಜಾ ಆದ ಒಬ್ಬ ತಾಯಿಯ ಮಗ