ತೋಟದ ದಾರೀಲಿ ನೀ ಎರಡು ಸಲ ನಿಂತಿದ್ದು

ಪ್ರೀತಿಯ ಕೂಸೆ,

ದೊಡ್ಡಾಯಿಯ ಆಶೀರ್ವಾದ. ಚೌತಿ ಮುಗಿಸ್ಕೊಂಡು ಸರಿಯಾಗಿ ಬೆಂಗಳೂರು ಮುಟ್ಟಿದೆ ಅಂತ ನಿನ್ನ ಹೆತ್ತ ಆಯಿ ಹೇಳಿದ್ಲು. ಫೋನಲ್ಲೇ ಹೇಳೋಣ ಅಂದ್ರೆ ನೀನು "ಒಂದು ನಿಮಿಷ ದೊಡ್ಡಾಯಿ, ಕಾಲ್ ಬರ್ತಾ ಇದ್ದು" ಅಂತೀಯ, ಆ ಒಂದು ನಿಮಿಷ ಮುಗಿಯೋದು ಮುಂದಿನ ವಾರ. ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ನಗಬೇಡ, ಕನ್ನಡಕ ಬೇರೆ ಎಲ್ಲಿಟ್ಟೆನೋ ಸಿಕ್ಕಿಲ್ಲ.

ವಿಷಯ ಇಷ್ಟೆ. ಎಲ್ಲ ಸೇರಿ ಚಕ್ಕುಲಿ ಮಾಡೋ ಚಕ್ಕುಲಿ ಕಂಬಳದ ದಿನ ಬಾಳೆಎಲೆ ತರೋಕೆ ಅಂತ ನಾವಿಬ್ಬರೂ ತೋಟಕ್ಕೆ ಇಳಿದಿದ್ವಲ್ಲ, ವಾಪಸ್ ಹತ್ತಿ ಬರೋವಾಗ ನೀ ಎರಡು ಸಲ ನಿಂತೆ. ಮೊದಲ ಸಲ ಚಪ್ಪಲಿ ಸರಿ ಮಾಡೋ ನೆಪ, ಎರಡನೇ ಸಲ ಮೊಬೈಲ್ ನೋಡೋ ನೆಪ, ಆದ್ರೆ ಅಲ್ಲಿ ನೆಟ್‌ವರ್ಕೇ ಬರಲ್ಲ ಕೂಸೆ, ನನಗೆ ಗೊತ್ತಿಲ್ವಾ. ನಿನಗೆ 27 ವರ್ಷ, ನನಗೆ ಅರವತ್ತು ಹತ್ರ ಬಂತು, ನಾನು ಎಲೆ ಕಟ್ಟು ಹೊತ್ಕೊಂಡು ಮೇಲೆ ನಿಂತು ನಿನಗೆ ಕಾಯ್ತಿದ್ದೆ. ಆಮೇಲೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ತೆಗೆದು ಐಸ್ ತುಂಡು ಕಟಕಟ ಅಂತ ಅಗೀತಿದ್ದೆ. "ಎಂತ ಆತೆ" ಅಂತ ಕೇಳಿದ್ರೆ "ಎಂತೂ ಇಲ್ಲೆ ದೊಡ್ಡಾಯಿ, ಆಫೀಸಲ್ಲೂ ಹೀಂಗೇ ತಿಂತಿ, ಚಟ" ಅಂದೆ. ನನಗೆ ಎದೆ ಧಸಕ್ ಅಂತು, ಯಾಕಂದ್ರೆ ನನಗೆ ಹಸಿ ಅಕ್ಕಿ ತಿನ್ನೋ ಚಟ ಇತ್ತು.

ಇದು ನಿನ್ನ ಆಯಿಗೂ ಪೂರ್ತಿ ಗೊತ್ತಿಲ್ಲ. 2014ರಲ್ಲಿ, ಅಡಿಕೆ ಗೊನೆ ಕೊಯ್ಲಿನ ಟೈಮು, ರಾತ್ರಿ ಹನ್ನೊಂದರ ತನಕ ಅಂಗಳದಲ್ಲಿ ಅಡಿಕೆ ಸುಲಿಯೋರು ಮೆಟ್ಟುಗತ್ತಿ ಹಾಕ್ಕೊಂಡು ಕೂತಿರೋರು, ಅವರಿಗೆ ಚಾ, ಊಟ, ಮತ್ತೆ ಚಾ. ನಾನು ಊಟಕ್ಕೆ ಕೂರೋದು ಎಲ್ಲರದ್ದೂ ಆದ್ಮೇಲೆ, ಅಷ್ಟೊತ್ತಿಗೆ ಪಲ್ಯ ತಳದಲ್ಲಿ, ಅನ್ನಕ್ಕೆ ಮಜ್ಜಿಗೆ ಉಪ್ಪಿನಕಾಯಿ, ಅದೂ ನಿಂತ್ಕೊಂಡೇ. ಅಕ್ಕಿ ಡಬ್ಬಿ ಮುಚ್ಚಳ ತೆಗೆದಾಗೆಲ್ಲ ಒಂದು ಮುಷ್ಟಿ ಬಾಯಿಗೆ ಹೋಗ್ತಿತ್ತು. ಹಸಿ ಅಕ್ಕಿ ತಿಂದ್ರೆ ಮದುವೆ ದಿನ ಮಳೆ ಬರ್ತು ಅಂತ ಅಮ್ಮಮ್ಮ ಬೈತಿದ್ದಿದ್ದು ನೆನಪಾಗಿ ನಗ್ತಿದ್ದೆ, ಮದುವೆ ಆಗಿ ಇಪ್ಪತ್ತು ವರ್ಷ ಆಗಿತ್ತಲ್ಲ ಇನ್ನೆಂತ ಮಳೆ. ತಿಂಗಳ ಮುಟ್ಟು ಎಂಟು ಹತ್ತು ದಿನ ಹೋಗ್ತಿತ್ತು, ವಯಸ್ಸಿಗೆ ಹಾಗೇ ಅಂತ ನಾನೇ ತೀರ್ಮಾನ ಮಾಡಿದ್ದೆ. ಮೊದಲೆಲ್ಲ ಮೂರು ದಿನ ಹೊರಗೆ ಕೂರ್ತಿದ್ವಿ, ಆ ಪದ್ಧತಿ ಹೋಗಿದ್ದು ಒಳ್ಳೇದೇ ಆಯ್ತು, ಆದ್ರೆ ಜೊತೆಗೆ ಆ ಮೂರು ದಿನದ ಬಿಡುವೂ ಹೋಯ್ತು, ಅದನ್ನ ಯಾರೂ ವಾಪಸ್ ಕೊಡ್ಲಿಲ್ಲ.

ಒಂದು ದಿನ ಬೆಳಿಗ್ಗೆ ಕೊಟ್ಟಿಗೆಲಿ ಹಾಲು ಕರೆದು ಏಳ್ತೀನಿ, ಕಣ್ಣಿಗೆ ಕತ್ತಲೆ. ಎಚ್ಚರ ಆದಾಗ ಹಾಲೆಲ್ಲ ಸಗಣಿ ಮೇಲೆ, ದನ ನನ್ನ ತಲೆಕೂದಲು ನೆಕ್ತಾ ಇತ್ತು. ಶಿರಸಿಗೆ ಕರ್ಕೊಂಡು ಹೋದ್ರು. ಡಾಕ್ಟ್ರು ಏನೂ ಕೇಳೋ ಮೊದಲು ಹೆಬ್ಬೆರಳಲ್ಲಿ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ್ರು, ಕೆಂಪು ಇರ್ಬೇಕಾದ ಜಾಗ ತೊಳೆದ ಬಟ್ಟೆ ಹಾಂಗೆ ಬೆಳ್ಳಗೆ. ಹಿಮೋಗ್ಲೋಬಿನ್ 6.4, ಹೆಂಗಸರಿಗೆ 12 ಇರ್ಬೇಕು. ಎರಡು ಬಾಟ್ಲಿ ರಕ್ತ ಹಾಕಿದ್ರು, ಸ್ಕ್ಯಾನ್ ಮಾಡಿದ್ರೆ ಗರ್ಭಕೋಶದಲ್ಲಿ ಗಡ್ಡೆ, ಅದರಿಂದಲೇ ಅಷ್ಟು ರಕ್ತ ಹೋಗ್ತಿತ್ತಂತೆ. ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸು ಹೀಗೆ ತಿನ್ನಬೇಕು ಅನ್ಸೋದು ಹೆಚ್ಚಾಗಿ ಮೈಯಲ್ಲಿ ಕಬ್ಬಿಣಾಂಶ ಖಾಲಿ ಆದಾಗ ಅಂತ ಅವರು ಹೇಳಿದಾಗ ನನಗೆ ನಾಚಿಕೆ ಆಯ್ತು, ಇಷ್ಟು ವರ್ಷ ಮೈ ಒದರ್ತಾ ಇತ್ತು, ನಾನು ಚಟ ಅಂದ್ಕೊಂಡಿದ್ದೆ.

ನಿನಗೂ ಅದೇ ಇದೆ ಅಂತ ನಾನು ಹೇಳ್ತಿಲ್ಲ, ನಾನೇನು ಡಾಕ್ಟ್ರಲ್ಲ. ಆದ್ರೆ ಈ ಶನಿವಾರ ಹೋಗಿ ಟೆಸ್ಟಿಗೆ ರಕ್ತ ಕೊಟ್ಟು ಬಾ. ಹಿಮೋಗ್ಲೋಬಿನ್ ಒಂದೇ ಸಾಕಾಗಲ್ಲ, ಫೆರಿಟಿನ್ ಅಂತ ಒಂದಿದೆ, ಮೈಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅನ್ನೋ ಲೆಕ್ಕ, ಹಿಮೋಗ್ಲೋಬಿನ್ ಇಳಿಯೋ ಮೊದಲೇ ಅದು ಇಳಿದಿರತ್ತೆ. ಥೈರಾಯ್ಡೂ ನೋಡಿಸು. ನಮ್ಮನೆಗೆ ಬರೋ ಆಶಾ ಕಾರ್ಯಕರ್ತೆ ಹೇಳ್ತಿದ್ಲು, 2019-21ರ ಸರ್ಕಾರದ ಆರೋಗ್ಯ ಸರ್ವೆಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಅಂದ್ರೆ ಕಂಬಳಕ್ಕೆ ಕೂತ ನಮ್ಮ ಸಾಲಲ್ಲಿ ಅರ್ಧಕ್ಕಿಂತ ಹೆಚ್ಚು ಅಂತಾಯ್ತು, ಎಲ್ಲರೂ "ಅಡ್ಡಿಲ್ಲೆ" ಅಂತಲೇ ಹೇಳ್ತೀವಿ.

ಮಾತ್ರೆ ಕೊಟ್ರೆ ಚಾ ಕಾಫಿ ಜೊತೆ ನುಂಗಬೇಡ. ನಾನು ಮೊದಲ ಎರಡು ತಿಂಗಳು ಚಾ ಜೊತೆಗೇ ನುಂಗಿದೆ, ಏನೂ ಏರ್ಲಿಲ್ಲ, ಚಾ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ವಂತೆ, ಹಾಲೂ ಅಷ್ಟೆ. ಒಂದೆರಡು ತಾಸು ಅಂತರ ಇರ್ಲಿ, ಲಿಂಬೆ ನೀರಿನ ಜೊತೆ ತಗೊಂಡ್ರೆ ಒಳ್ಳೇದು. ಕಕ್ಕಸ್ಸಿಗೆ ಕಪ್ಪಗೆ ಹೋಗತ್ತೆ, ಹೆದರಬೇಡ, ನಾನು ಹೆದರಿ ನಾಲ್ಕು ದಿನ ಬಿಟ್ಟಿದ್ದೆ. ರಿಪೋರ್ಟ್ ಸರಿ ಬಂತು ಅಂತ ಕೂಡ್ಲೇ ನಿಲ್ಸೋ ಹಾಂಗೂ ಇಲ್ಲ, ಡಾಕ್ಟ್ರು ಹೇಳಿದಷ್ಟು ತಿಂಗಳು ನುಂಗಬೇಕು. ಮುಟ್ಟು ಏಳು ದಿನ ದಾಟಿದ್ರೆ, ತಾಸಿಗೊಂದು ಪ್ಯಾಡ್ ಬದಲಿಸೋ ಹಾಂಗಾದ್ರೆ ಅದನ್ನೂ ಬಾಯಿಬಿಟ್ಟು ಹೇಳು, ಅಲ್ಲಿ ಹೋಗಿ ನಾಚಿಕೊಂಡು ಕೂರ್ಬೇಡ.

ಇನ್ನು ಊಟದ ವಿಷಯ, ಇದಕ್ಕೆ ನಿನಗೆ ಸಿಟ್ಟು ಬರತ್ತೆ ಗೊತ್ತು. ಬಡಿಸೋಳು ಕೊನೆಗೆ ಉಣ್ಣೋದು ನಮ್ಮನೆ ಹೆಂಗಸರ ಚಾಳಿ, ಅಮ್ಮಮ್ಮನಿಂದ ನನಗೆ ಬಂತು, ನಿನ್ನ ಆಯಿಗೂ ಬಂತು. ನೀನು ಓದಿ ಕೆಲಸಕ್ಕೆ ಸೇರಿದಾಗ ಇವಳಿಗೆ ಬರಲ್ಲ ಅಂದ್ಕೊಂಡಿದ್ದೆ. ನೋಡಿದ್ರೆ ನೀನೂ ಅದನ್ನೇ ಮಾಡ್ತಿದೀಯ, ಅಡಿಕೆ ಸುಲಿಯೋರ ಬದಲು ಕ್ಲೈಂಟು ಅಷ್ಟೆ. ಮಧ್ಯಾಹ್ನದ ಡಬ್ಬಿ ನಾಲ್ಕು ಗಂಟೆಗೆ, ರಾತ್ರಿ ಅಮೆರಿಕದವರ ಮೀಟಿಂಗ್ ಮುಗಿದ್ಮೇಲೆ ಬಿಸ್ಕೆಟು. ನಿನ್ನ ಆ ಕ್ಯಾಲೆಂಡರಲ್ಲಿ ಒಂದೂವರೆಗೆ ಒಂದು ಮೀಟಿಂಗ್ ಹಾಕು, ಹೆಸರು ಎಂತಾದ್ರೂ ಇಡು, ಆ ಹೊತ್ತಿಗೆ ಉಣ್ಣು. ನಾನು 2014ರ ನಂತರ ಕೊಯ್ಲಿನ ಕಾಲದಲ್ಲೂ ಗಂಡಸರ ಪಂಕ್ತಿ ಜೊತೆಗೇ ತಟ್ಟೆ ಹಾಕ್ಕೊಂಡು ಕೂರ್ತೀನಿ, ಮಜ್ಜಿಗೆ ಅವರೇ ಬಡಿಸ್ಕೊಳ್ತಾರೆ. ಮೊದಲ ವಾರ ನಿನ್ನ ದೊಡ್ಡಪ್ಪ ಮುಖ ಮುಖ ನೋಡಿದ್ರು, ಆಮೇಲೆ ಪಾತ್ರೆ ಎಲ್ಲಿದೆ ಅಂತ ಅವರಿಗೂ ಗೊತ್ತಾಯ್ತು.

ನಿದ್ದೆ, ವಾಕಿಂಗು ಇದೆಲ್ಲ ನಿನಗೇ ಗೊತ್ತು, ನಾನು ಹೇಳಲ್ಲ. ಸುಸ್ತು ಮೈಯದ್ದಲ್ಲ ಮನಸ್ಸಿನದ್ದು ಅನ್ಸಿದ್ರೆ, ನಮ್ಮ ಹತ್ರ ಹೇಳೋಕೆ ಆಗ್ದೇ ಇದ್ರೆ, 14416 ಅಂತ ಸರ್ಕಾರದ ನಂಬರ್ ಇದೆ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ರಾತ್ರಿನೂ ಎತ್ತುತಾರೆ.

ನಿನ್ನೆ ಬಸ್ಸಿಗೆ ಪಾರ್ಸಲ್ ಹಾಕ್ಸಿದೀನಿ. ಕಷಾಯದ ಪುಡಿ ಇದೆ, ಸಂಜೆ ಕಾಫಿ ಬದಲು ಅದನ್ನ ಕುಡಿ. ನೆಲ್ಲಿಚಟ್ಟು, ಅದೇ ಒಣಗಿಸಿದ ನೆಲ್ಲಿಕಾಯಿ, ಇದೆ, ನೆನೆಸಿ ಕಾಯಿ ಜೊತೆ ಬೀಸಿ ಮಜ್ಜಿಗೆ ಹಾಕಿದ್ರೆ ತಂಬುಳಿ, ಹತ್ತು ನಿಮಿಷದ ಕೆಲಸ, ಬರ್ದೇ ಇದ್ರೆ ವಿಡಿಯೋ ಕಾಲ್ ಮಾಡು. ಹರಿವೆ ಸೊಪ್ಪು ಅಲ್ಲೇ ತಗೋ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿಗೆ ಎರಡು ಪ್ಲಾಸ್ಟಿಕ್ ಸುತ್ತಿದೀನಿ, ಆದ್ರೂ ಎಣ್ಣೆ ಸೋರಿರಬಹುದು, ನೋಡ್ಕೊಂಡು ಬಿಚ್ಚು. ಶನಿವಾರ ರಿಪೋರ್ಟ್ ಬಂದ ಕೂಡ್ಲೇ ಫೋಟೋ ಹೊಡೆದು ನನಗೆ ಕಳಿಸು, ಆಯಿಗೆ ಬೇಡ, ಅವಳು ಸುಮ್ನೆ ಅಳ್ತಾಳೆ.

ಇಂತಿ ನಿನ್ನ
ದೊಡ್ಡಾಯಿ